ಪದಚರ್ಚೆ: ಒಪಿಯಾಯ್ಡ್ ಗ್ರಾಹಕವೋ ಗ್ರಾಹಿಯೋ? ‘ತಡೆಗಟ್ಟು’ ಸರಿಯೇ? (ತುರ್ತು)

ಬಲ್ಮಠ, ಮಂಗಳೂರಿನಿಂದ

ಮಾನ್ಯರೇ,

ಪ್ರೌಢಶಾಲೆಯ ಮಕ್ಕಳಿಗಾಗಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ನಾನು ಕನ್ನಡಿಸುತ್ತಿರುವ ಫಲಕದಲ್ಲಿ ಒಂದು ಸಾಲು ಕೈಕೊಟ್ಟಿದೆ. ನಾಳೆ ಬೆಳಗ್ಗೆ 10 ಗಂಟೆಗೆ ಅದು ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ನನ್ನ ಕರಡು ಹೀಗಿದೆ: ‘ಬೆನ್ನುಹುರಿಯ ನೋವುಶಮನದಲ್ಲಿ ಪಾಲುಗೊಳ್ಳುವ ಒಪಿಯಾಯ್ಡ್ ಗ್ರಾಹಕಗಳ ಉಪಬಗೆಗಳನ್ನು ಕೆಲವು ಪೆಪ್ಟೈಡುಗಳು ತಡೆಗಟ್ಟುತ್ತವೆ.’ ಅಳತೆ ಹೇಳಲು ಹೋದಾಗ ಇದನ್ನು ಓದಿದ ಅಂಗಡಿಯ ಹುಡುಗ, ‘ಗ್ರಾಹಕರನ್ನು ಯಾಕೆ ಸರ್ ತಡೆಯುವುದು?’ ಎಂದು ಕೇಳಿದ. ಅವನಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ.

ಗ್ರಾಹಕವೆಂದು ನಾನು ಕರೆದದ್ದು ಇಂಗ್ಲಿಷಿನ ‘ರಿಸೆಪ್ಟರ್’ ಅನ್ನು, ಎಂದರೆ ಮಾರ್ಫಿನ್‌ನಂಥ ಅಫೀಮು ಬಗೆಯ (ಒಪಿಯಾಯ್ಡ್) ನೋವುಶಾಮಕಗಳು ಬಂದು ಕೂಡಿಕೊಳ್ಳುವ ನರಕೋಶದ ಜಾಗವನ್ನು. ಇವುಗಳಲ್ಲಿ ಮುಖ್ಯವಾದವು ಮೂರು: ಮಾರ್ಫಿನ್‌ನ ಮೊದಲಕ್ಷರದಿಂದ ಹೆಸರು ಪಡೆದ ಮ್ಯೂ, ಕೀಟೋಸೈಕ್ಲಜೋಸಿನ್‌ನಿಂದ ಪಡೆದ ಕಪ್ಪಾ, ಇಲಿಯ ವೀರ್ಯನಾಳದಲ್ಲಿ ಗುರುತಿಸಲ್ಪಟ್ಟದ್ದರಿಂದ ಅದರ ‘ವಾಸ್ ಡೆಫರೆನ್ಸ್’ ಎಂಬ ಲ್ಯಾಟಿನ್ ಹೆಸರಿನ ಅಕ್ಷರ ಹೊತ್ತ ಡೆಲ್ಟಾ. ನಲಾಕ್ಸೋನ್ ಎಂಬ ಔಷಧ ಮೂರರ ಕೆಲಸವನ್ನೂ ನಿಲ್ಲಿಸುತ್ತದೆ. ಎಂಟು ಅಮೈನೋ ಆಮ್ಲಗಳ ‘ಸಿಟಿಓಪಿ’ ಎಂಬ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರುಸರಣಿ) ಮ್ಯೂವನ್ನೂ, ನಾಲ್ಕರದ್ದಾದ ‘ಟಿಪ್’ ಡೆಲ್ಟಾವನ್ನೂ ಆರಿಸಿ ಹಿಡಿದು ನಿಲ್ಲಿಸುತ್ತವೆ. ಆದ್ದರಿಂದಲೇ ನೋವನ್ನು ಇಳಿಸಿದ್ದು ಯಾವ ಬಗೆಯ ಗ್ರಾಹಕ ಎಂದು ಪತ್ತೆಮಾಡಲು ಇವು ಬಳಕೆಯಾಗುತ್ತವೆ. ‘ಗ್ರಾಹಕ’, ‘ಉಪಬಗೆ’, ‘ತಡೆಗಟ್ಟು’ ಈ ಮೂರಕ್ಕೆ ಸರಿಯಾದ ಮಾತು ತಿಳಿಸಿದರೆ ಉಪಕಾರವಾದೀತು.

ಉಡುಪಿಯಿಂದ

‘ಗ್ರಾಹಕ’ವನ್ನು ಇವತ್ತೇ ಕೈಬಿಡಿ. ಅದು ಬ್ಯಾಂಕಿನ ಕೌಂಟರಿಗೆ ಸೇರಿಹೋದ ಶಬ್ದ. ‘ಗುಣಗ್ರಾಹಿ’, ‘ಸಾರಗ್ರಾಹಿ’ ಎಂದು ನಾವು ಹೇಳುವಲ್ಲಿರುವ ‘ಗ್ರಾಹಿ’ ನಿಮ್ಮ ಕೆಲಸಕ್ಕೆ ಸಾಕು. ‘ಉಪಬಗೆ’ಯೂ ‘ನೋವುಶಮನ’ವೂ ಸಂಸ್ಕೃತವನ್ನು ಕನ್ನಡಕ್ಕೆ ಗಂಟುಹಾಕಿದ ಮಾತುಗಳು. ಬಿರುದುಗಳಿಗೂ ಹಿಂದಿನವರ ಪ್ರಯೋಗಗಳಿಗೂ ಮಾತ್ರ ವ್ಯಾಕರಣಕಾರ ಕೇಶಿರಾಜ ಇಂಥ ಅರಿಸಮಾಸದ ವಿನಾಯಿತಿ ಕೊಟ್ಟಿದ್ದನೇ ಹೊರತು ಫ್ಲೆಕ್ಸಿಗೆ ಕೊಟ್ಟಿರಲಿಲ್ಲ. ‘ಉಪಪ್ರಕಾರ’, ‘ವೇದನಾಶಮನ’ ಎಂದು ಬರೆಯಿರಿ.

ಇನ್ನು ‘ಒಪಿಯಾಯ್ಡ್’ ಎಂಬ ಒರಟು ಶಬ್ದವನ್ನು ಹೊರಗಿನಿಂದ ತರುವ ಅಗತ್ಯವೇ ಇಲ್ಲ. ಸಂಸ್ಕೃತದಲ್ಲಿ ‘ಅಹಿಫೇನ’ವಿದೆ, ಅಂದರೆ ಹಾವಿನ ನೊರೆ, ಗಸಗಸೆಯ ಕಾಯಿಯನ್ನು ಗೀರಿದಾಗ ಒಸರುವ ಬಿಳಿಯ ಹಾಲನ್ನು ಕಂಡವರಿಗೆ ಈ ಹೆಸರಿನ ಸೊಗಸು ತಿಳಿಯುತ್ತದೆ. ‘ಅಹಿಫೇನಸದೃಶ ಗ್ರಾಹಿ’ ಎಂದರೆ ಸಂದೇಹಕ್ಕೆ ಎಡೆಯಿರುವುದಿಲ್ಲ.

ಕುಂದಾಪುರದಿಂದ

ಉಡುಪಿಯ ಹಿರಿಯರ ಹಾವಿನ ನೊರೆ ಮನೋಹರವಾಗಿದೆ, ಆದರೆ ಆ ಹಾವು ಅರಬ್ಬೀ ಸಮುದ್ರ ದಾಟಿ ಬಂದದ್ದು. ರಸ ಎಂಬ ಅರ್ಥದ ಗ್ರೀಕ್ ಮಾತಿನಿಂದ ‘ಓಪಿಯೋನ್’ ಹುಟ್ಟಿ, ಅರಬ್ಬಿಯಲ್ಲಿ ‘ಅಫ್ಯೂನ್’ ಆಗಿ, ಇಲ್ಲಿಗೆ ಬಂದ ಮೇಲೆ ಪಂಡಿತರು ಅದಕ್ಕೆ ಮಡಿ ಉಡಿಸಿ ‘ಅಹಿಫೇನ’ ಮಾಡಿದರು. ಎರವಲನ್ನು ಎರವಲೆಂದು ಒಪ್ಪಿದ ‘ಅಫೀಮು’ ಇದಕ್ಕಿಂತ ಪ್ರಾಮಾಣಿಕ. ಅರಿಸಮಾಸದ ಬಗ್ಗೆ ಅವರು ಹೇಳಿದ್ದು ಸರಿ, ಆದರೆ ಅದರ ಪರಿಹಾರ ಪೂರ್ತಿ ಸಂಸ್ಕೃತಕ್ಕೆ ಹೋಗುವುದಲ್ಲ, ಪೂರ್ತಿ ಕನ್ನಡಕ್ಕೆ ಬರುವುದು: ‘ಒಳಬಗೆ’, ‘ನೋವಿಳಿಕೆ’. ಗ್ರಾಹಿಗೆ ‘ಹಿಡಿಕೆ’ ಎನ್ನಿ.

ಮಣಿಪಾಲದಿಂದ

‘ಹಿಡಿಕೆ’ ಬಾಣಲೆಗಿರಲಿ.

ನಾನು ಇದೇ ವಿಷಯವನ್ನು ಪಾಠಮಾಡುವವಳಾದ್ದರಿಂದ, ಕರಡಿನ ನಿಜವಾದ ದೋಷಗಳನ್ನು ಇಬ್ಬರು ಹಿರಿಯರೂ ಮುಟ್ಟಲಿಲ್ಲವೆಂದು ಹೇಳದೆ ವಿಧಿಯಿಲ್ಲ. ‘ಬೆನ್ನುಹುರಿಯ ನೋವುಶಮನ’ ಎಂದು ಷಷ್ಠಿಯಲ್ಲಿ ಬರೆದರೆ ಓದುವವರು ಬೆನ್ನುನೋವಿನ ಮುಲಾಮು ಎಂದುಕೊಳ್ಳುತ್ತಾರೆ. ನೋವು ಸುಟ್ಟ ಕಾಲಿನದ್ದೂ ಆಗಿರಬಹುದು. ಅದರ ಸುದ್ದಿ ತಗ್ಗುವ ಜಾಗ ಮಾತ್ರ ಬೆನ್ನುಹುರಿ. ಕಾಲಿನಿಂದ ಬಂದ ನರದ ತುದಿ ಬೆನ್ನುಹುರಿಯ ಹಿಂಬದಿಯಲ್ಲಿ ಮುಂದಿನ ನರಕೋಶಕ್ಕೆ ರಾಸಾಯನಿಕವನ್ನು ಸುರಿದು ಸುದ್ದಿಯನ್ನು ದಾಟಿಸುತ್ತದೆ. ಆ ತುದಿಯಲ್ಲಿರುವ ಒಪಿಯಾಯ್ಡ್ ಗ್ರಾಹಿಗೆ ಮಾರ್ಫಿನ್ ಅಥವಾ ನಮ್ಮ ದೇಹದ್ದೇ ಆದ ಎನ್‌ಕೆಫಲಿನ್ ಕೂಡಿಕೊಂಡರೆ ಕ್ಯಾಲ್ಸಿಯಂ ಒಳಬರುವ ದಾರಿ ಕಿರಿದಾಗಿ ಸುರಿಯುವುದು ಕಡಿಮೆಯಾಗುತ್ತದೆ. ಆದ್ದರಿಂದ ಇಲ್ಲಿ ಸಪ್ತಮಿಯೇ ಬೇಕು.

‘ತಡೆಗಟ್ಟು’ ಅದಕ್ಕಿಂತಲೂ ಅಪಾಯಕಾರಿ. ಮಲೇರಿಯಾ ತಡೆಗಟ್ಟಿ ಎಂಬ ಗೋಡೆಬರಹವನ್ನು ಓದಿ ಬೆಳೆದ ಮಗು, ಪೆಪ್ಟೈಡ್ ಏನೋ ಕೆಡುಕನ್ನು ನಿಲ್ಲಿಸಿತು, ಎಂದರೆ ನೋವನ್ನೇ ನಿಲ್ಲಿಸಿತು ಎಂದು ತಿಳಿಯುತ್ತದೆ. ನಡೆಯುವುದು ಇದರ ಉಲ್ಟಾ. ಬಿಸಿ ತಾಗಿದ ಇಲಿ ಬಾಲವನ್ನು ಎಳೆದುಕೊಳ್ಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಅಳೆಯುತ್ತಾರೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮಾರ್ಫಿನ್ ಕೊಟ್ಟರೆ ಆ ಹೊತ್ತು ಹಿಗ್ಗುತ್ತದೆ, ಸಿಟಿಓಪಿಯನ್ನೂ ಕೊಟ್ಟರೆ ಮತ್ತೆ ಕುಗ್ಗುತ್ತದೆ. ತಡೆಗೊಳಗಾದದ್ದು ಶಮನ. ಗ್ರಾಹಿ ಹಾಳಾಗಿರುವುದಿಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ ಪೆಪ್ಟೈಡ್ ಜಾಗ ಹಿಡಿದಿರುತ್ತದೆ, ಅಷ್ಟೆ. ಮಾರ್ಫಿನ್‌ನ ಪ್ರಮಾಣ ಹೆಚ್ಚಿದರೆ ಟವೆಲ್ ಜಾರುವುದೂ ಉಂಟು. ‘ಚಾವಿ ಒಳಗೆ ಹೋಯಿತು, ತಿರುಗಲಿಲ್ಲ’ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ಕ್ರಿಯಾಪದಕ್ಕೆ ‘ಕೆಲಸಮಾಡಗೊಡದು’ ಎಂದರೆ ಸಾಕು, ಹೊಸದನ್ನು ಟಂಕಿಸಬೇಕಾಗಿಲ್ಲ. ‘ಅರಿವಳಿಕೆ’ಯನ್ನು ಈ ಫಲಕಕ್ಕೆ ದಯವಿಟ್ಟು ತರಬೇಡಿ, ಇಲ್ಲಿ ಅರಿವು ಅಳಿಯುವುದಿಲ್ಲ.

ಕುಂದಾಪುರದಿಂದ

‘ಚಾವಿ’ ಪೋರ್ಚುಗೀಸರದ್ದು. ಕನ್ನಡದಲ್ಲಿ ಬೀಗದ ಕೈ ಇದೆ.

ಉಡುಪಿಯಿಂದ

‘ಬೀಗ’ ಯಾರದ್ದೆಂದು ಕುಂದಾಪುರದವರು ಮೊದಲು ವಿಚಾರಿಸಲಿ. ‘ಕೆಲಸಮಾಡಗೊಡದು’ ಶಾಸ್ತ್ರದ ಭಾಷೆಯಲ್ಲ; ‘ಪ್ರತಿಬಂಧಿಸುತ್ತದೆ’ ಎಂಬುದಿರುವಾಗ ಮೂರು ಮಾತು ಯಾಕೆ ಬೇಕು?

ಮಣಿಪಾಲದಿಂದ

ಏಕೆಂದರೆ ಫಲಕವನ್ನು ಓದುವುದು ಎಂಟನೆಯ ತರಗತಿ.

ಬಲ್ಮಠ, ಮಂಗಳೂರಿನಿಂದ

ಎಲ್ಲರಿಗೂ ಕೃತಜ್ಞತೆಗಳು. ಉಡುಪಿಯಿಂದ ‘ಗ್ರಾಹಿ’ಯನ್ನೂ, ಮಣಿಪಾಲದಿಂದ ಸಪ್ತಮಿಯನ್ನೂ ಕ್ರಿಯಾಪದವನ್ನೂ ತೆಗೆದುಕೊಂಡಿದ್ದೇನೆ. ‘ಒಳಬಗೆ’ ನನಗೆ ಹಿಡಿಸಿತ್ತು, ಆದರೆ ಮೂರನ್ನೂ ಹೆಸರಿಟ್ಟು ಹೇಳಿದ ಮೇಲೆ ಬರಿಯ ‘ಬಗೆ’ಯೇ ಸಾಕೆನಿಸಿತು. ‘ಒಪಿಯಾಯ್ಡ್’ ಹಾಗೆಯೇ ಉಳಿದಿದೆ; ‘ಅಫೀಮು’ ಎಂಬ ಶಬ್ದವಿರುವ ಫಲಕವನ್ನು ಶಾಲೆಯ ಬಾಗಿಲಲ್ಲಿ ನಿಲ್ಲಿಸುವ ಧೈರ್ಯ ನನಗಿಲ್ಲ. ಅಂಗಡಿಗೆ ಕಳುಹಿಸಿದ್ದು ಹೀಗಿದೆ:

‘ಕಾಲು ಸುಟ್ಟರೆ ನೋವಿನ ಸುದ್ದಿ ಬೆನ್ನುಹುರಿಯನ್ನು ದಾಟಿ ಮಿದುಳಿಗೆ ಹೋಗುತ್ತದೆ. ಆ ಸುದ್ದಿಯನ್ನು ಬೆನ್ನುಹುರಿಯಲ್ಲಿಯೇ ತಗ್ಗಿಸಬಲ್ಲ ಒಪಿಯಾಯ್ಡ್ ಗ್ರಾಹಿಗಳಲ್ಲಿ ಮ್ಯೂ, ಡೆಲ್ಟಾ, ಕಪ್ಪಾ ಎಂಬ ಮೂರು ಬಗೆಗಳಿವೆ. ಕೆಲವು ಪೆಪ್ಟೈಡುಗಳು ಇವುಗಳಲ್ಲಿ ಒಂದೇ ಬಗೆಯ ಗ್ರಾಹಿಯಲ್ಲಿ ಕುಳಿತು ಅದನ್ನು ಕೆಲಸಮಾಡಗೊಡುವುದಿಲ್ಲ. ಆಗ ತಗ್ಗಿದ್ದ ನೋವು ಮರಳುತ್ತದೆ.’

ಯೂನಿಕೋಡಿನಿಂದ ‘ನುಡಿ’ ಫಾಂಟಿಗೆ ಬದಲಾಯಿಸುವಾಗ ಅಂಗಡಿಯವರ ಕಂಪ್ಯೂಟರಿನಲ್ಲಿ ‘ಗ್ರಾಹಿ’ಯ ರಕಾರದ ಒತ್ತು ಒಮ್ಮೆ ಹಾರಿಹೋಗಿತ್ತಂತೆ. ಅದನ್ನು ನೋಡಿಕೊಂಡು ಬರಲು ಈಗ ಹೊರಟಿದ್ದೇನೆ.