ಸಹಾಯ ಬೇಕು: ಚಳಿಗಾಲದ ಬಾಸ್ ಮೀನು ಗಾಳಕ್ಕೆ ಬೀಳುತ್ತಿಲ್ಲ

ಅಟ್ಲಾಂಟಾ ಕಡೆ ಲೇಕ್ ಲೇನಿಯರ್‌ನಲ್ಲಿ ಗಾಳ ಹಾಕುವವರು ಯಾರಾದರೂ ಇದ್ದೀರಾ? ನೀರು ಈಗ 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಸ್ಪಾಟೆಡ್ ಬಾಸ್ 35-40 ಅಡಿ ಆಳದಲ್ಲಿ ಗುಂಪಾಗಿ ನಿಂತಿರುವುದು ಸೋನಾರ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕಚ್ಚುವುದು ಮಾತ್ರ ಇಲ್ಲ.

ಮೊದಲು ನೆಡ್ ರಿಗ್ ಹಾಕಿದೆ. ಅದು ಕ್ಯಾನ್ಸಸ್ ಕಡೆಯ ಪದ್ಧತಿ: ಹಗುರ ಜಿಗ್ (ತೂಕದ ತಲೆಯಿರುವ ಕೊಕ್ಕೆ), ಗಿಡ್ಡ ಪ್ಲಾಸ್ಟಿಕ್ ಹುಳ. ಆಳ ಕಮ್ಮಿ ಇರುವ ನೀರಿಗೆ ಸರಿ. ಇಲ್ಲಿ ತಳ ಮುಟ್ಟುವಷ್ಟರಲ್ಲಿ ಗಾಳಿಗೆ ದೋಣಿಯೇ ಸರಿದಿರುತ್ತದೆ. ಆಮೇಲೆ ಡ್ರಾಪ್ ಶಾಟ್, ಅಂದರೆ ದಾರದ ತುದಿಗೆ ತೂಕ, ಅದರ ಮೇಲೆ ಕೊಕ್ಕೆ: 6 ಪೌಂಡ್ ತಡೆಯುವ ಫ್ಲೋರೋಕಾರ್ಬನ್ ದಾರ, ಕಾಲು ಔನ್ಸ್ ತೂಕ. ಮೀನು ಹತ್ತಿರ ಬರುತ್ತದೆ, ನೋಡುತ್ತದೆ, ಊಟ ಮುಗಿಸಿ ಬಂದ ನೆಂಟರ ಹಾಗೆ ಹೊರಟುಹೋಗುತ್ತದೆ. ಹುಳದ ಬಣ್ಣ ಬದಲಿಸಿದರೂ ಅದೇ ಕಥೆ.

ಗೆಳೆಯರೊಬ್ಬರು ಟೆನ್ನೆಸ್ಸಿ ಕಡೆಯ ಫ್ಲೋಟ್ ಅಂಡ್ ಫ್ಲೈ ಮಾಡಿ ಎಂದರು. ಬೆಂಡಿನ ಕೆಳಗೆ ಸುಮಾರು 10 ಅಡಿ ದಾರ ಬಿಟ್ಟು, ಪುಟ್ಟ ಗರಿ ಜಿಗ್ ತೂಗುಬಿಡುವುದು. ಆದರೆ ಅದು ಜಾಸ್ತಿ ಬಳಕೆಯಾಗುವುದು ಡೇಲ್ ಹಾಲೋ ಸರೋವರದಂಥ ಕಡೆ, ಸ್ಮಾಲ್‌ಮೌತ್ ಬಾಸ್‌ಗೆ ಅಲ್ವಾ? 40 ಅಡಿಯಲ್ಲಿರುವ ಮೀನು ಅಷ್ಟು ಮೇಲೆ ಬರುತ್ತದಾ? ಇದೇ ತಲೆಗೆ ಹೋಗುತ್ತಿಲ್ಲ.

ಲೇನಿಯರ್‌ನಲ್ಲಿ ಜನವರಿಯಲ್ಲಿ ಹಿಡಿದವರು ಹೇಳಿ: ಡ್ರಾಪ್ ಶಾಟನ್ನು ಅಲುಗಾಡಿಸದೆ ಸುಮ್ನೆ ಹಿಡಿದಿರಬೇಕಾ, ಇಲ್ಲಾ ಫ್ಲೋಟ್ ಅಂಡ್ ಫ್ಲೈಗೆ ಹೋಗಬೇಕಾ? ಹೋದರೆ ಬೆಂಡಿನ ಕೆಳಗೆ ಎಷ್ಟು ಅಡಿ ದಾರ ಬಿಡಬೇಕು?