ಸುಣ್ಣಕಲ್ಲು ತೆಗೆದ ಜಾಗದಲ್ಲಿ ಏನ್ ಹಾಕಿದ್ರೆ ಬರುತ್ತೆ?

ಕಡೂರ್_ಹೈದ:
ಎಲ್ರಿಗೂ ನಮಸ್ಕಾರ. ನಮ್ ಹೊಲದ ಪಕ್ಕ ಎರಡೆಕ್ರೆನ ಹಿಂದೊಮ್ಮೆ ಸುಣ್ಣದ ಗೂಡಿನವ್ರಿಗೆ ಸುಣ್ಣಕಲ್ಲು ತೆಗೆಯೋಕೆ ಕೊಟ್ಟಿದ್ದು, ಅವ್ರು ಮೇಲ್ಮಣ್ಣನ್ನೆಲ್ಲ ಕಲ್ಲುಪುಡಿ ಜೊತೆ ಕಲಸಿ ಮೂಲೇಲಿ ಗುಡ್ಡೆ ಹಾಕಿ ಹೋದ್ರು. ಈಗ ನೆಲ ಬೆಳ್ಳಗೆ, ಮಳೆ ಬಂದು ಒಣಗಿದ್ರೆ ಗಚ್ಚು ಹಾಕಿದಂಗೆ. ಸಿಲ್ವರ್ ಓಕ್ ಸಸಿಗಳು ಎಲೆ ಹಳದಿ, ನರ ಮಾತ್ರ ಹಸಿರು, ಮೇಲೇಳ್ತಾನೇ ಇಲ್ಲ. ಒಬ್ರು ಅಕೇಶಿಯಾ ಹಾಕು ಅಂತಾರೆ ಇನ್ನೊಬ್ರು ಡಾಲಮೈಟ್ ಹಾಕು ಅಂತಾರೆ, ಯಾರ್ ಮಾತ್ ಕೇಳ್ಲಿ?

ಗಿರಿ_ತಪ್ಪಲು:
ಡಾಲಮೈಟ್ ಬೇಡ ಮಾರಾಯ್ರೇ, ಅದೂ ಸುಣ್ಣದ ಜಾತಿ ಕಲ್ಲುಪುಡೀನೇ! ನಮ್ ಕಡೆ ಕಾಫಿ ತೋಟದಲ್ಲಿ ಮಳೆಗೆ ಮಣ್ಣು ಹುಳಿ ಆಗುತ್ತೆ ಅಂತ ಸುಣ್ಣ ಹಾಕ್ತೀವಿ, ನಿಮ್ದು ಪೂರ್ತಿ ಉಲ್ಟಾ ಕೇಸು. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 8 ದಾಟಿದ್ರೆ ಕಬ್ಬಿಣ, ರಂಜಕ ಮಣ್ಣಲ್ಲಿದ್ರೂ ಬೇರಿಗೆ ಸಿಗಲ್ಲ, ಆ ಹಳದಿ ಅದೇ ಇರ್ಬೇಕು. ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ) ಲೀಟರ್‌ಗೆ 5 ಗ್ರಾಂ ಎಲೆಗೆ ಹೊಡೆದ್ರೆ ಹಸಿರಾಗುತ್ತೆ, ಆದ್ರೆ ಹೊಸ ಚಿಗುರು ಮತ್ತೆ ಹಳದೀನೇ. ಮೊದ್ಲು ಮೂಡಿಗೆರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಟೆಸ್ಟ್ ಮಾಡ್ಸಿ.

ಕಾವಲ್_ದಾರಿ:
ಗಿಡ ಆಮೇಲೆ ಅಣ್ಣ, ಮೊದ್ಲು ಹುಲ್ಲು. ಗಣಿ ಮುಗಿದ ಜಾಗದಲ್ಲಿ ಹುಲ್ಲು ಬೆಳೆಸೋದನ್ನ ಲೀಸಿನ ಷರತ್ತಾಗಿ ಹಾಕಿ ಅಂತ ಸುಪ್ರೀಂ ಕೋರ್ಟೇ 2020ರ ಜನವರಿಲಿ ಕೇಂದ್ರಕ್ಕೆ ಹೇಳಿದೆ, ಆದ್ರೂ ಎಲ್ರೂ ಸಸಿ ನೆಟ್ಟು ಫೋಟೋ ತೆಗೆಸ್ಕೊಳೋದೇ. ಅಮೃತಮಹಲ್ ದನ ಮೇಯೋ ಕಾವಲಿನ ಸೀಮೆಯವ್ರಿಗೆ ಹುಲ್ಲಿನ ಬೆಲೆ ನಾನ್ ಹೇಳ್ಬೇಕಾ. ಇಳಿಜಾರಿಗೆ ಅಡ್ಡಡ್ಡ ಬದು ಹಾಕಿ ನೆಲ ಕೆದಕಿ, ಬೇಸಿಗೆಲಿ ಕೆರೆ ಗೋಡು (ಹೂಳು) ಸಿಕ್ಕಿದ್ರೆ ಕೊಟ್ಟಿಗೆ ಗೊಬ್ಬರದ ಜೊತೆ ಹರಡಿ, ಮುಂಗಾರಿಗೆ ಅಂಜನ್ ಹುಲ್ಲು ಚೆಲ್ಲಿ, ಹುರುಳೀನೂ ಎರಚಿ, ಕೊಯ್ಬೇಡಿ, ಅಲ್ಲೇ ಕೊಳೀಲಿ. ಆಮೇಲೆ ಗುಂಡಿಗೆ ಗೋಡು ತುಂಬಿ ಹೊಂಗೆ, ಬೇವು, ಸೀತಾಫಲ, ಎಲಚಿ. ಬಳ್ಳಾರಿ ಜಾಲಿ ಕರೀದೇ ಬರುತ್ತೆ, ಚಿಕ್ಕದಿದ್ದಾಗ್ಲೇ ಬೇರು ಸಮೇತ ಕಿತ್ತಾಕಿ. ಮೂಲೆ ಗುಡ್ಡೆನೂ ಬಿಡ್ಬೇಡಿ, ಜರಡಿ ಹಿಡಿದ್ರೆ ಒಂದಷ್ಟು ಮಣ್ಣು ಸಿಗುತ್ತೆ.

ಕಡೂರ್_ಹೈದ:
ಕುರಿ ಬಿಡ್ತಾರಲ್ಲ ಸಾರ್, ಮತ್ತೆ ಒಂದ್ ಕಡೆ ಎರಡಾಳು ಗುಂಡಿ ಇದೆ, ಮುಚ್ಚಿಸ್ಲಾ?

ಕಾವಲ್_ದಾರಿ:
ಸುತ್ತ ಕತ್ತಾಳೆ ಹಾಕಿ, ಅದು ಬೆಳೆಯೋವರ್ಗೂ ಮುಳ್ಳುಬೇಲಿ. ಕುರಿಯವ್ರ ಹತ್ರ ಜಗಳ ಬೇಡ, ಹುಲ್ಲು ಬೀಜ ಉದುರಿಸಿದ್ಮೇಲೆ ಬಿಡ್ತೀವಿ ಅಂತ ಮುಂಚೇನೇ ಮಾತಾಡಿ. ಗುಂಡಿ ಮುಚ್ಚೋಕೆ ಮಣ್ಣೆಲ್ಲಿಂದ ತರ್ತೀರಿ? ಒಂದ್ ಪಕ್ಕ ಜೆಸಿಬಿಲಿ ಇಳಿಜಾರು ಮಾಡ್ಸಿ, ದನ ಬಿದ್ರೂ ಹತ್ಕೊಂಡ್ ಬರೋ ಹಂಗೆ, ಉಳಿದ ಮೂರು ಕಡೆ ಬೇಲಿ.