ಡಬಲ್ ಮಾರ್ಕರ್ 1:180, ಹೃದಯದಲ್ಲಿ ಬಿಳಿ ಚುಕ್ಕೆ: ಮುಂದೆ ಯಾವ ಟೆಸ್ಟ್?

ಪ್ರಶ್ನೆ (ಕುಮಟಾ ತಾಲೂಕಿನಿಂದ, ಹೆಸರು ಬೇಡ ಅಂದಿದ್ದಾರೆ):

ಡಾಕ್ಟ್ರೇ, ನಮಸ್ಕಾರ. ನನಗೆ 31 ವರ್ಷ, ಮೊದಲ ಬಸಿರು. ಇವತ್ತಿಗೆ 19 ವಾರ 1 ದಿನ. ಹನ್ನೆರಡನೇ ವಾರದಲ್ಲಿ ಡಬಲ್ ಮಾರ್ಕರ್ ಅಂತ ರಕ್ತಪರೀಕ್ಷೆ ಮಾಡಿಸಿದ್ದೆವು. ಡೌನ್ ಸಿಂಡ್ರೋಮ್ ಎದುರು 1:180, ಕೆಂಪು ಅಕ್ಷರದಲ್ಲಿ ಹೈ ರಿಸ್ಕ್. ತೋರಿಸಿದಲ್ಲಿ "ಐದನೇ ತಿಂಗಳ ಸ್ಕ್ಯಾನ್ ನೋಡ್ವ, ಆಮೇಲೆ ಹೇಳ್ತೆ" ಅಂದ್ರು. ಆ ಆರು ವಾರ ಹೇಗೆ ಕಳೆದೆ ಅಂತ ನನಗೇ ಗೊತ್ತು. ಮೊನ್ನೆ ಆ ಸ್ಕ್ಯಾನ್ ಆಯ್ತು. ಮಗುವಿನ ಎದೆ ಹತ್ತಿರ ಬಂದು ಪ್ರೋಬ್ ಒತ್ತಿ ಹಿಡಿದವರು ಮಾತೇ ನಿಲ್ಲಿಸಿಬಿಟ್ಟರು. ಅಲ್ಲೀವರೆಗೆ ಕೈ ನೋಡಿ, ಕಾಲು ನೋಡಿ ಅಂತ ತೋರಿಸ್ತಾ ಇದ್ದರು. ರಿಪೋರ್ಟಿನಲ್ಲಿ "ಎಡ ಹೃದಯಕೋಣೆಯಲ್ಲಿ ಎಕೋಜೆನಿಕ್ ಫೋಕಸ್" ಅಂತ ಬರೆದಿದೆ. ಬೇರೆಲ್ಲ ಸರಿ ಇದೆಯಂತೆ. ಎನ್‌ಐಪಿಟಿ ಅಥವಾ ಆಮ್ನಿಯೋ, ಯಾವುದಾದರೂ ಒಂದು ಮಾಡಿಸಿ ಅಂದರು, ಹೊರಗೆ ಇನ್ನೂ ಹದಿನೈದು ಜನ ಕೂತಿದ್ದರು.

ಗಂಡ ಸೂಜಿ ಚುಚ್ಚಿಸುವುದು ಬೇಡವೇ ಬೇಡ ಅಂತಾರೆ. ಅತ್ತೆ "ನಮ್ಮ ಎರಡೂ ಮನೆತನದಲ್ಲಿ ಯಾರಿಗೂ ಹಂಗಿಲ್ಲ, ಎಲ್ಲಾ ದುಡ್ಡು ಮಾಡೂದು" ಅಂತ ಹೇಳಿ ಇಡಗುಂಜಿ ಗಣಪತಿಗೆ ಹರಕೆ ಹೊತ್ತಿದ್ದಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಮಗುವಿನ ಹೃದಯದಲ್ಲಿ ತೂತು ಇದೆಯಾ? ಯಾವ ಟೆಸ್ಟ್ ಮಾಡಿಸಲಿ?

ಉತ್ತರ (ಫೀಟಲ್ ಮೆಡಿಸಿನ್, ಅಂದರೆ ಹೊಟ್ಟೆಯೊಳಗಿನ ಮಗುವಿನ ವೈದ್ಯೆ, ತವರುಮನೆ ಶಿರಸಿ):

ಮೊದಲು ಹೃದಯದ ಮಾತು, ಇವತ್ತಾದರೂ ನಿದ್ದೆ ಮಾಡಿ. ಅದು ತೂತಲ್ಲ. ಹೃದಯದೊಳಗಿನ ಒಂದು ಸಣ್ಣ ಸ್ನಾಯುವಿನಲ್ಲಿ ಸುಣ್ಣದಂಥ ಖನಿಜ ಚೂರು ಸೇರಿಕೊಂಡರೆ ಸ್ಕ್ಯಾನಿನಲ್ಲಿ ಎಲುಬಿನಷ್ಟೇ ಬೆಳ್ಳಗೆ ಹೊಳೆಯುತ್ತದೆ. ಹೃದಯ ಬಡಿಯುವುದಕ್ಕೆ ಅದರಿಂದ ಏನೂ ತೊಂದರೆ ಇಲ್ಲ, ಔಷಧ ಬೇಡ. ಪೂರ್ತಿ ಆರೋಗ್ಯವಾಗಿರುವ ಮಕ್ಕಳಲ್ಲೂ ನೂರಕ್ಕೆ ಮೂರರಿಂದ ಐದರಲ್ಲಿ ಈ ಚುಕ್ಕೆ ಕಾಣುತ್ತದೆ, ಏಷ್ಯಾದವರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅದೊಂದೇ ಇದ್ದು ಉಳಿದ ಸ್ಕ್ಯಾನ್ ಸರಿಯಿದ್ದರೆ ನಿಮ್ಮ 1:180 ಲೆಕ್ಕವನ್ನು ಅದು ಹೆಚ್ಚುಕಮ್ಮಿ ಮಾಡುವುದಿಲ್ಲ ಅನ್ನಿ.

ಉಳಿದದ್ದು ಹೇಳುವ ಮೊದಲು ಮೂರು ವಿಷಯ ನೋಡಿ ಹೇಳಿ. ಹನ್ನೆರಡನೇ ವಾರದ ಸ್ಕ್ಯಾನಿನಲ್ಲಿ ಎನ್‌ಟಿ (ಮಗುವಿನ ಕತ್ತಿನ ಹಿಂದೆ ಸೇರಿದ ನೀರಿನ ಅಳತೆ) ಎಷ್ಟಿತ್ತು, ಮೂಗಿನ ಎಲುಬು ಕಂಡಿದೆ ಅಂತ ಬರೆದಿದ್ದಾರಾ? ರಕ್ತದ ರಿಪೋರ್ಟಿನಲ್ಲಿ ಆ ಎನ್‌ಟಿ ಅಳತೆ ಸೇರಿಸಿದ್ದಾರಾ? ನಿಮ್ಮ ತೂಕ ಎಷ್ಟು ಅಂತ ಬರೆದಿದೆ?

ಕೇಳಿದವರು:

ಎನ್‌ಟಿ 1.4 ಮಿ.ಮೀ., ಮೂಗಿನ ಎಲುಬು ಕಂಡಿದೆ ಅಂತ ಉಂಟು. ರಕ್ತದ ರಿಪೋರ್ಟಿನಲ್ಲಿ ಎನ್‌ಟಿ ಎದುರು ಬರೀ ಗೀಟು. ತೂಕ 55 ಹಾಕಿದ್ದಾರೆ. ನಾನು ಆಗ 63 ಇದ್ದೆ! ಇದನ್ನು ಇಷ್ಟು ದಿನ ನೋಡಿಯೇ ಇರಲಿಲ್ಲ.

ಉತ್ತರ:

ನೀವೊಬ್ಬರೇ ಅಲ್ಲ, ಯಾರೂ ನೋಡುವುದಿಲ್ಲ. ಕೆಂಪು ಅಕ್ಷರ ಕಂಡ ಮೇಲೆ ಬೇರೇನು ಕಾಣುತ್ತದೆ?

ಡಬಲ್ ಮಾರ್ಕರ್ ರೋಗ ಪತ್ತೆ ಮಾಡುವ ಪರೀಕ್ಷೆ ಅಲ್ಲ. ನಿಮ್ಮ ರಕ್ತದಲ್ಲಿನ ಎರಡು ವಸ್ತು, ವಯಸ್ಸು, ತೂಕ, ಬಸಿರಿನ ದಿನ ಎಲ್ಲ ಹಾಕಿ ಕಂಪ್ಯೂಟರ್ ಕಟ್ಟುವ ಅಂದಾಜು. ಎನ್‌ಟಿಯೂ ಸೇರಿದರೆ ಆ ಅಂದಾಜು ಬಹಳ ಗಟ್ಟಿಯಾಗುತ್ತದೆ. ನಿಮ್ಮದರಲ್ಲಿ ಎನ್‌ಟಿ ಬಿಟ್ಟಿದ್ದಾರೆ, ತೂಕ ತಪ್ಪು. ಸ್ಕ್ಯಾನ್ ಮತ್ತು ರಕ್ತ ಒಂದೇ ಹೊತ್ತಿನವಾದ್ದರಿಂದ ಈಗಲೂ ಸೇರಿಸಬಹುದು. ನಾಳೆ ಬೆಳಿಗ್ಗೆ ಲ್ಯಾಬಿಗೆ ಫೋನ್ ಮಾಡಿ, ಸ್ಕ್ಯಾನ್ ರಿಪೋರ್ಟ್ ಕಳಿಸಿ, ಸರಿಯಾದ ತೂಕ ಹೇಳಿ ಮತ್ತೆ ಲೆಕ್ಕ ಹಾಕಿಸಿ. ಹೊಸದಾಗಿ ರಕ್ತ ಕೊಡಬೇಕಿಲ್ಲ.

ಆ ಸಂಖ್ಯೆ ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು. ಸದ್ಯಕ್ಕೆ 1:180 ಅಂತಲೇ ಇಟ್ಟುಕೊಳ್ಳುವಾ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಬಸ್ಸು ನಿಂತಿವೆ, ಒಂದೊಂದರಲ್ಲೂ 45 ಸೀಟು, ಎಲ್ಲದರಲ್ಲೂ ನಿಮ್ಮ ಹಾಗೆ ಕೆಂಪು ರಿಪೋರ್ಟ್ ಹಿಡಿದ ಬಸುರಿಯರು. ನಾಲ್ಕೂ ಬಸ್ಸು ಸೇರಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ, 179 ಜನರದಕ್ಕೆ ಇರುವುದಿಲ್ಲ. ಹಾಗಾದರೆ ಹೈ ರಿಸ್ಕ್ ಯಾಕೆ? ಅಪಾಯ 250ಕ್ಕೆ ಒಂದಕ್ಕಿಂತ ಹೆಚ್ಚಿದ್ದರೆ ಮುಂದಿನ ಟೆಸ್ಟ್ ಬಗ್ಗೆ ಮಾತಾಡಬೇಕು ಅಂತ ಒಂದು ಗೆರೆ ಎಳೆದುಕೊಂಡಿದ್ದಾರೆ, ಅಷ್ಟೇ. 31ನೇ ವಯಸ್ಸಿಗೆ ವಯಸ್ಸಿನ ಲೆಕ್ಕ ಮಾತ್ರ ನೋಡಿದರೆ ಸುಮಾರು 800ಕ್ಕೆ 1. ಹಾಗಾಗಿ ನಿಮ್ಮದು ಕಡೆಗಣಿಸುವ ಸಂಖ್ಯೆಯೂ ಅಲ್ಲ.

ಇನ್ನು ಟೆಸ್ಟ್. ನನ್ನ ಹತ್ತಿರ ಬಂದವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ಉತ್ತರ ಗೊತ್ತಾದರೆ ಅದನ್ನು ಇಟ್ಟುಕೊಂಡು ನೀವು ಏನು ಮಾಡುತ್ತೀರಿ? ಇದನ್ನು ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಿ. ಅಡುಗೆಮನೆಯಲ್ಲಿ ಎಲ್ಲರ ಎದುರು ಬೇಡ. "ಏನೇ ಇದ್ದರೂ ಬಸಿರು ಮುಂದುವರಿಸುತ್ತೇವೆ, ಆದರೆ ತಯಾರಿ ಬೇಕು" ಅನ್ನುವವರಿದ್ದಾರೆ. "ಖಚಿತವಾಗಿ ಇದೆ ಅಂತಾದರೆ ನಮ್ಮಿಂದ ಆಗುವುದಿಲ್ಲ" ಅನ್ನುವವರೂ ಇದ್ದಾರೆ. ಎರಡೂ ತೀರ್ಮಾನದವರನ್ನು ನೋಡಿದ್ದೇನೆ, ಯಾರನ್ನೂ ತಪ್ಪು ಅನ್ನಲಾರೆ. ಮೊದಲ ಗುಂಪಿನವರಿಗೆ ಅವಸರ ಕಡಿಮೆ. ಎರಡನೆಯವರಿಗೆ ಕ್ಯಾಲೆಂಡರ್ ಮುಖ್ಯ.

ಯಾಕೆ ಅಂದರೆ, 2021ರ ತಿದ್ದುಪಡಿಯ ನಂತರ ಗರ್ಭಪಾತದ ಕಾಯ್ದೆ ಹೀಗಿದೆ: 20 ವಾರದ ತನಕ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ರ ತನಕ ಇಬ್ಬರದು ಬೇಕು, ಅದೂ ಕೆಲವು ಕಾರಣಗಳಿಗೆ ಮಾತ್ರ. ಮಗುವಿನ ಗಂಭೀರ ದೋಷ ಅದರಲ್ಲಿ ಒಂದು. 24 ದಾಟಿದರೆ ಮೆಡಿಕಲ್ ಬೋರ್ಡ್ ಎದುರು ಹೋಗಬೇಕು.

ಎನ್‌ಐಪಿಟಿ ಅಂದರೆ ನಿಮ್ಮ ತೋಳಿನ ರಕ್ತ ಮಾತ್ರ. ಅದರಲ್ಲಿ ಮಾಸಿನಿಂದ (ಪ್ಲಾಸೆಂಟಾ) ಬಂದ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ, ಅವನ್ನು ಎಣಿಸುತ್ತಾರೆ. ಮಗುವಿಗೆ ಅಪಾಯ ಸೊನ್ನೆ. ಡೌನ್ ಸಿಂಡ್ರೋಮ್ ಇದ್ದರೆ ನೂರಕ್ಕೆ 99ರಷ್ಟು ಹಿಡಿಯುತ್ತದೆ. ರಕ್ತ ಊರಲ್ಲೇ ಕೊಡಬಹುದು. ಆದರೆ ಇದೂ ಜರಡಿಯೇ, ಕೊನೆಯ ತೀರ್ಪಲ್ಲ. ಪಾಸಿಟಿವ್ ಬಂದರೆ ಆಮ್ನಿಯೋ ಮಾಡಿಸದೆ ಯಾವ ನಿರ್ಧಾರವನ್ನೂ ತಗೊಳ್ಳಬಾರದು. ರಿಪೋರ್ಟಿಗೆ ವಾರದಿಂದ ಹತ್ತು ದಿನ. ಅಂದರೆ ನಿಮಗೆ ಇಪ್ಪತ್ತೂವರೆ ವಾರ ಆಗಿರುತ್ತದೆ, ಪಾಸಿಟಿವ್ ಬಂದರೆ ಅಲ್ಲಿಂದ ಆಮ್ನಿಯೋ, ಅದರ ರಿಪೋರ್ಟು. ಇಪ್ಪತ್ತೆರಡು ತಲುಪುತ್ತೀರಿ. ಆಗುವುದಿಲ್ಲ ಅಂತಲ್ಲ, ಬಿಗಿ ಆಗುತ್ತದೆ.

ಆಮ್ನಿಯೋ ಅಂದರೆ ಸ್ಕ್ಯಾನ್ ನೋಡುತ್ತಾ ಹೊಟ್ಟೆ ಮೇಲಿಂದ ಉದ್ದದ, ತೆಳು ಸೂಜಿ ಹಾಕಿ ಮಗುವಿನ ಸುತ್ತಲಿನ ನೀರು 15-20 ಮಿ.ಲೀ. ತೆಗೆಯುವುದು. ನಾಲ್ಕು ಚಮಚ ಅನ್ನಿ. ಅಷ್ಟು ನೀರನ್ನು ಮಗು ಬೇಗನೇ ತುಂಬಿಸಿಕೊಳ್ಳುತ್ತದೆ. ಸೂಜಿ ಒಳಗಿರುವುದು ಒಂದೆರಡು ನಿಮಿಷ. ಮಗುವಿಗೆ ತಾಗುತ್ತದೆ ಅಂತ ನಿಮ್ಮವರು ಹೆದರಿರಬೇಕು. ಸೂಜಿಯ ತುದಿ ಪರದೆಯಲ್ಲಿ ಉದ್ದಕ್ಕೂ ಕಾಣುತ್ತಾ ಇರುತ್ತದೆ, ಮಗು ಆ ಕಡೆ ಬಂದರೆ ನಾವು ಕಾಯುತ್ತೇವೆ. ಬಸಿರು ಹೋಗುವ ಅಪಾಯ ಇದೆ, ಇಲ್ಲ ಅನ್ನುವುದಿಲ್ಲ. ಪಳಗಿದ ಕೈಯಲ್ಲಿ ಅದು 200ಕ್ಕೆ ಒಂದಕ್ಕಿಂತ ಕಡಿಮೆ. ಬೇಗದ ರಿಪೋರ್ಟ್ ಮೂರ್ನಾಲ್ಕು ದಿನದಲ್ಲಿ ಬರುತ್ತದೆ, ಪೂರ್ತಿಯದ್ದು ಎರಡು ಮೂರು ವಾರಕ್ಕೆ. ಇದರ ಉತ್ತರ ಖಚಿತ.

ಆಮ್ನಿಯೋ ಅಂತಾದರೆ ಮಣಿಪಾಲವೋ ಹುಬ್ಬಳ್ಳಿಯೋ ಗೋವಾವೋ, ಎಲ್ಲಿಗಾದರೂ ಹೋಗಲೇಬೇಕು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಊರಿಗೆ ಊರೇ ಕೂಗಿದ್ದು ಸುಮ್ಮನೆ ಅಲ್ಲ! ಅದೇ ದಿನ ಬಸ್ಸಿನಲ್ಲಿ ಕುಲುಕಿಕೊಂಡು ವಾಪಸ್ ಬರಬೇಡಿ, ಒಂದು ರಾತ್ರಿ ಅಲ್ಲೇ ಉಳಿಯಿರಿ. ರಕ್ತದ ಗುಂಪಿನ ಕಾರ್ಡ್ ಒಯ್ಯಿರಿ, ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಆಮೇಲೆ ನೀರು ಸೋರಿದರೆ, ರಕ್ತ ಕಂಡರೆ, ಜ್ವರ ಬಂದರೆ ತಡ ಮಾಡಬಾರದು.

ನಿಮ್ಮ ಅತ್ತೆಯವರ ಮಾತಿಗೆ: ಡೌನ್ ಸಿಂಡ್ರೋಮ್ ಬಹುಪಾಲು ಮನೆತನದಿಂದ ಬರುವುದಲ್ಲ. ಅಂಡಾಣು ತಯಾರಾಗುವಾಗ 21ನೇ ಕ್ರೋಮೋಸೋಮ್ ಜೋಡಿ ಬೇರೆಯಾಗದೆ ಉಳಿದರೆ ಆಗುವಂಥದ್ದು. ಆದ್ದರಿಂದ ವಂಶದಲ್ಲಿ ಇಲ್ಲ ಅನ್ನುವುದು ಧೈರ್ಯಕ್ಕೆ ಕಾರಣವಲ್ಲ, ಇದ್ದರೆ ಅದು ಸೊಸೆಯ ತಪ್ಪೂ ಅಲ್ಲ. ಹರಕೆ ಹೊರಲಿ, ಅಡ್ಡಿಲ್ಲ. ನನ್ನ ಆಯಿಯೂ ನನ್ನ ಬಸಿರಿನಲ್ಲಿ ಹೊತ್ತಿದ್ದಳು.

ಶಿರಸಿಯಿಂದ ಒಬ್ಬ ತಾಯಿ:

ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ, ಈಗ ಒಂಬತ್ತು ವರ್ಷ. ನಮಗೆ ಹುಟ್ಟಿದ ಮೇಲೇ ಗೊತ್ತಾದದ್ದು. ಹೃದಯದ ತೊಂದರೆಯೂ ಇತ್ತು, ಮೂರನೇ ದಿನ ಮೈ ನೀಲಿಯಾಗಿ ರಾತ್ರಿ ಘಟ್ಟ ಇಳಿಸಿಕೊಂಡು ಓಡಿದ್ದೆವು. ಈಗ ಕೊಟ್ಟಿಗೆ ಕೆಲಸಕ್ಕೆ ನನ್ನ ಹಿಂದೇ ಬರ್ತಾಳೆ, ಕರುವಿಗೆ ಹೆಸರಿಡುವುದು ಅವಳದೇ ಹಕ್ಕು. ತಂಗೀ, ಇಟ್ಟುಕೊಳ್ಳಿ ಅಂತಲೋ ಬೇಡ ಅಂತಲೋ ನಾನು ಹೇಳುವುದಿಲ್ಲ. ಮೊದಲೇ ಗೊತ್ತಿದ್ದರೆ ಹೆರಿಗೆಯನ್ನು ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸುತ್ತಿದ್ದೆ, ಆ ರಾತ್ರಿ ತಪ್ಪುತ್ತಿತ್ತು. ಅಷ್ಟು ಮಾತ್ರ ಹೇಳಬಲ್ಲೆ.

ಉತ್ತರ:

ಅಕ್ಕಾ, ನೀವು ಬರೆದದ್ದು ನನ್ನ ಉತ್ತರಕ್ಕಿಂತ ಉಪಯೋಗದ್ದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಹೃದಯದ ದೋಷ ಇರುತ್ತದೆ. ಬಸಿರು ಮುಂದುವರಿಸುವವರೂ ಟೆಸ್ಟ್ ಮಾಡಿಸುವುದು ಇದಕ್ಕೇ.

ಕಾರವಾರದಿಂದ:

ಮೇಡಂ, ನಮ್ಮ ನಾದಿನಿಗೆ 20 ವಾರ. ಮಗುವಿನ ಕಿಡ್ನಿಯಲ್ಲಿ ನೀರು, 5 ಮಿ.ಮೀ. ಅಂತೆ. ಅವಳ ಡಬಲ್ ಮಾರ್ಕರ್ ಲೋ ರಿಸ್ಕ್. ಇವಳಿಗೂ ಸೂಜಿ ಪರೀಕ್ಷೆ ಬೇಕಾ?

ಉತ್ತರ:

ಅದೊಂದೇ ಆದರೆ ಬೇಡ. ಈ ಹೊತ್ತಿಗೆ 4 ಮಿ.ಮೀ. ದಾಟಿದರೆ ಬರೆಯುತ್ತಾರೆ. ಹೆಚ್ಚಿನವರದು ತಾನಾಗಿ ಸರಿಹೋಗುತ್ತದೆ. 32 ವಾರದ ಹೊತ್ತಿಗೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ.

ಇನ್ನೊಬ್ಬರು:

ಎನ್‌ಐಪಿಟಿ ಮಾಡಿಸಿದರೆ ಗಂಡೋ ಹೆಣ್ಣೋ ಅಂತಲೂ ತಿಳಿಯುತ್ತಲ್ಲ?

ಉತ್ತರ:

ರಿಪೋರ್ಟಿನಲ್ಲಿ ಬರುವುದಿಲ್ಲ, ಕೇಳುವುದೂ ಹೇಳುವುದೂ 1994ರ ಕಾಯ್ದೆ ಪ್ರಕಾರ ಅಪರಾಧ. ಈ ಪ್ರಶ್ನೆ ಇಲ್ಲಿಗೆ ಮುಗಿಯಿತು.

ಕೇಳಿದವರು (ಎರಡು ದಿನದ ಮೇಲೆ):

ಡಾಕ್ಟ್ರೇ, ಲ್ಯಾಬಿನವರು ಮೊದಲು ಹಿಂದೆ ಮುಂದೆ ನೋಡಿದರು, ಆಮೇಲೆ ಹೊಸ ರಿಪೋರ್ಟ್ ಕಳಿಸಿದರು. ಎನ್‌ಟಿ, ತೂಕ ಎರಡೂ ಸರಿ ಹಾಕಿದ ಮೇಲೆ 1:640. ಕೆಂಪು ಅಕ್ಷರ ಇಲ್ಲ. ಗಂಡ ಸಿಹಿ ತಂದರು, ಅತ್ತೆ ಎಲ್ಲಾ ಗಣಪತಿಯದ್ದೇ ಅಂದರು. ನನಗೆ ಮಾತ್ರ ಪೂರ್ತಿ ಸಮಾಧಾನ ಬಂದಿಲ್ಲ. ನಿನ್ನೆ ರಾತ್ರಿ ಜಗಲಿಯಲ್ಲಿ ಇಬ್ಬರೇ ಕೂತು ನೀವು ಹೇಳಿದ ಪ್ರಶ್ನೆ ಮಾತಾಡಿದೆವು. ಅವರು ಅತ್ತರು. ಹೆದರಿದ್ದು ಸೂಜಿಗಲ್ಲ ಅಂತ ಆಗಲೇ ನನಗೆ ಗೊತ್ತಾದದ್ದು. ಏನು ಬಂದರೆ ಏನು ಮಾಡೂದು ಅಂತ ಇಬ್ಬರಿಗೂ ಒಂದು ಅಂದಾಜಾಗಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಈಗ ಯಾವ ಟೆಸ್ಟೂ ಬೇಡವಾ?

ಉತ್ತರ:

ಬರೆಯಬೇಕಾಗಿಲ್ಲ. 1:640 ಇದ್ದರೆ ನೇರ ಆಮ್ನಿಯೋ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಇಲ್ಲಿಗೇ ಬಿಟ್ಟರೂ ಅದು ತಪ್ಪಲ್ಲ. ಆದರೆ 250ಕ್ಕೂ 1000ಕ್ಕೂ ನಡುವೆ ಇರುವವರನ್ನು ನಾವು ಮಧ್ಯಮ ಅಂತ ಕರೆಯುತ್ತೇವೆ, ಅವರಿಗೆ ಎನ್‌ಐಪಿಟಿ ಒಳ್ಳೆಯ ದಾರಿ. ದುಡ್ಡು ಹೊಂದುತ್ತದೆ, ಮನಸ್ಸೂ ಕೇಳುತ್ತಿದೆ ಅಂದರೆ ಮಾಡಿಸಿ, ಮಾಡಿಸುವುದಾದರೆ ನಾಳೆಯೇ. ಹೃದಯದ ಚುಕ್ಕೆಯನ್ನು ಮರೆತುಬಿಡಿ.

ಖಾಲಿ ಹೊಟ್ಟೆ ಬೇಕಿಲ್ಲ, ಗಂಜಿ ಉಂಡೇ ಹೋಗಿ. ಫಾರಂ ಅವರು ತುಂಬಲಿ, ಸಹಿ ಹಾಕುವ ಮೊದಲು ನೀವು ಓದಿ: ತೂಕ ಇವತ್ತಿನದು, ವಾರ ಮೊದಲ ಸ್ಕ್ಯಾನಿನ ಪ್ರಕಾರ, ಮಗು ಒಂದೇ. ಕೆಲವೊಮ್ಮೆ ಮಗುವಿನ ಪಾಲಿನ ಡಿಎನ್‌ಎ ಸಾಕಷ್ಟು ಸಿಗದೆ "ಫಲಿತಾಂಶ ಇಲ್ಲ" ಅಂತ ಬರುತ್ತದೆ. ಹಾಗೆ ಬಂದರೆ ಮುಂದಿನ ಚೆಕಪ್ಪಿನ ತನಕ ಕಾಯಬೇಡಿ, ಅವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.